ಅದು ಹಂಗೇ ಒದರ್ತದ್ರಿ

ಕಲಬುರಗಿಯ ಮೇ ತಿಂಗಳು. ಕಿಡ್ನಿ ತೊಂದರೆಯ ನಮ್ಮ ಕಾಕಾನನ್ನು ಆಸ್ಪತ್ರೆಗೆ ಸೇರಿಸಿದ್ದೆವು. ವಾರ್ಡಿನ ಫ್ಯಾನು ತಿರುಗುತ್ತಿರಲಿಲ್ಲ. ಕಂಪ್ಯೂಟರು ಮಾತ್ರ ಟುಂಯ್ ಟುಂಯ್ ಅನ್ನುತ್ತಲೇ ಇತ್ತು.

‘ಏನ್ರೀ ಸಿಸ್ಟರ್ ಅದು?’

‘ಲ್ಯಾಬಿನ ಅಲರ್ಟ್ ರೀ. ಅದು ಹಂಗೇ ಒದರ್ತದ, ನೀವು ಸುಮ್ನ ಕುಂದರ್ರಿ.’ ತಲೆ ಎತ್ತದೆ ಓಕೆ ಒತ್ತಿದರು.

ಅವರನ್ನು ಬೈದು ಫಲವಿಲ್ಲ. ಹಿಮೋಗ್ಲೋಬಿನ್ ಕೂದಲೆಳೆಯಷ್ಟು ಇಳಿದರೂ ಕೆಂಪು ಅಕ್ಷರ, ಜೀವ ಹೋಗುವಂತಿದ್ದರೂ ಅದೇ ಕೆಂಪು ಅಕ್ಷರ. ಜಾತ್ರೆಯಲ್ಲಿ ಮೈಕ್ ಹಿಡಿದವನು ಚಪ್ಪಲಿ ಕಳೆದದ್ದನ್ನೂ ಕೂಸು ಕಳೆದದ್ದನ್ನೂ ಒಂದೇ ದನಿಯಲ್ಲಿ ಕೂಗಿದರೆ ಯಾರು ತಿರುಗಿ ನೋಡ್ತಾರೆ?

1972ರಲ್ಲಿ ಅಮೆರಿಕದ ಲುಂಡ್‌ಬರ್ಗ್ ಎಂಬ ಪೆಥಾಲಜಿಸ್ಟ್ ಹೇಳಿದ್ದು ಸರಳ: ಜೀವಕ್ಕೆ ಕುತ್ತು ತರುವ ರಿಸಲ್ಟ್ ಬಂದರೆ, ಚಿಕಿತ್ಸೆ ಕೊಡುವವರಿಗೆ ಕೂಡಲೇ ತಿಳಿಸಿ. ಫೋನಿನಲ್ಲಿ ಕೇಳಿದವರು ಅಂಕಿಯನ್ನು ಬರೆದುಕೊಂಡು ತಿರುಗಿ ಓದಿ ಹೇಳಬೇಕು ಅನ್ನುವ ಪದ್ಧತಿಯೂ ಆಮೇಲೆ ಬಂತು. ನಮ್ಮ ಕಂಪ್ಯೂಟರಿಗೆ ಅದೆಲ್ಲ ಬೇಕಿಲ್ಲ. ಕಳಿಸಿದರೆ ಸಾಕು, ತಲುಪಿದಂತೆ!

ಅವತ್ತು ಕಾಕಾನ ಪೊಟ್ಯಾಸಿಯಮ್ 6.8 ಬಂದಿತ್ತು. ಐದರ ಒಳಗಿರಬೇಕಾದದ್ದು ಅಷ್ಟು ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಕಂಪ್ಯೂಟರು ಡಾಕ್ಟರ್ ಮೊಬೈಲಿಗೆ ಮೆಸೇಜ್ ಬಿಟ್ಟಿತು. ಆ ಡಾಕ್ಟರ್ ಬೀದರಿಗೆ ಹೋಗಿ ಎರಡು ತಿಂಗಳಾಗಿತ್ತು. ವರ್ಗಾವಣೆ ಆದೇಶ ಊರಿಗೆಲ್ಲ ಮುಟ್ಟಿತ್ತು, ಕಂಪ್ಯೂಟರಿಗೆ ಮುಟ್ಟಿರಲಿಲ್ಲ.

ಆ ಡಾಕ್ಟರ್ ಪುಣ್ಯಾತ್ಮರು, ಸುಮ್ಮನಿರಲಿಲ್ಲ. ವಾರ್ಡಿಗೆ ಫೋನ್ ಹಚ್ಚಿದರು. ಆ ಫೋನು ಸತ್ತು ವರ್ಷವಾಗಿದೆ. ಕೊನೆಗೆ ಹಳೇ ಚಹಾದ ಋಣ ನೆನೆದು ಎದುರಿನ ಕ್ಯಾಂಟೀನಿಗೆ ಹಚ್ಚಿದರು.

ಹುಡುಗ ಕೈಯಲ್ಲಿ ಚಹಾದ ಕೆಟ್ಲಿ ಹಿಡಿದುಕೊಂಡೇ ಓಡಿ ಬಂದ.

‘ಅಕ್ಕಾರ, ಹನ್ನೆರಡನೇ ಬೆಡ್ಡಿನ ಮುತ್ಯಾಂದು ಪೊಟ್ಯಾಸ ಆರು ಪಾಯಿಂಟ್ ಎಂಟಂತ್ರಿ!’

‘ಏನಂದಿ? ಇನ್ನೊಮ್ಮಿ ಹೇಳು.’

‘ಆರು ಪಾಯಿಂಟ್ ಎಂಟ್ರಿ.’

‘ಆರು ಪಾಯಿಂಟ್ ಎಂಟು,’ ಎಂದು ಸಿಸ್ಟರ್ ಅಂಗೈ ಮೇಲೆ ಬರೆದುಕೊಂಡರು. ನಿಯಮ ಅಕ್ಷರಶಃ ಪಾಲನೆಯಾದದ್ದು ಅಲ್ಲೇ. ಡ್ಯೂಟಿ ಡಾಕ್ಟರ್ ಓಡಿ ಬಂದರು, ಇಸಿಜಿ ಆಯಿತು, ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟರು. ಕಾಕಾ ಉಳಿದರು.

ಮುಂದಿನ ವಾರ ಆಡಳಿತದವರು ದೋಷ ಸರಿಪಡಿಸಿದರು: ಅಲರ್ಟ್ ಯಾರೂ ನೋಡದಿದ್ದರೆ ನೆನಪಿಸಲು ಇನ್ನೊಂದು ಅಲರ್ಟ್. ಸಿಸ್ಟರ್ ಮಾತ್ರ ಕ್ಯಾಂಟೀನ್ ಹುಡುಗನ ನಂಬರನ್ನು ಬಿಳಿ ಪಟ್ಟಿಯ ಮೇಲೆ ಬರೆದು ಮಾನಿಟರಿಗೆ ಅಂಟಿಸಿದ್ದಾರೆ.