ಭಾಗಶಃ ಒಪ್ಪಲಾಗಿದೆ

ಮತ್ತೆ ಆ ಜಾಹೀರಾತು ಬಂದಿದೆ. ಮಕ್ಕಳ ನೆರವಿಗೆಂದೇ ಇರುವ ಅಂತಾರಾಷ್ಟ್ರೀಯ ಸಂಸ್ಥೆಯೊಂದಕ್ಕೆ ತನ್ನ ಯೋಜನೆಗಳು ನಿಜಕ್ಕೂ ಫಲ ಕೊಟ್ಟವೇ ಅಂತ ನೋಡುವ ಸ್ವತಂತ್ರ ಮೌಲ್ಯಮಾಪನ ವಿಭಾಗದ ಮುಖ್ಯಸ್ಥರು ಬೇಕಂತೆ. ದಂಡಿಯಾಗಿ ಅನುಭವ ಇರಬೇಕು, ಎರಡು ಮೂರು ಭಾಷೆ ಬರಬೇಕು, ಕಹಿ ಮಾತನ್ನು ಯಾರಿಗೂ ನೋವಾಗದ ಹಾಗೆ ಹೇಳುವ ಕಲೆ ಗೊತ್ತಿರಬೇಕು.

ಭೂಮಿಯ ಮೇಲೆ ಇದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಯೋಚನೆ ಮಾಡಿ. ಸಂಬಳ ಕೊಡುವವರ ತಪ್ಪುಗಳನ್ನೇ ಪಟ್ಟಿ ಮಾಡಿ ಅವರ ಕೈಗೇ ಕೊಡಬೇಕು. ಕೊಟ್ಟರೆ ಯಾರೂ ಬೈಯುವುದಿಲ್ಲ. ಯಾಕೆಂದರೆ ಯಾರೂ ಓದುವುದಿಲ್ಲ.

ಸ್ವತಂತ್ರ ಅಂದರೆ ಸುಮ್ನೆ ಅಲ್ಲ ಮತ್ತೆ. ಇಂಥ ಮುಖ್ಯಸ್ಥರು ನೇರವಾಗಿ ಆಡಳಿತ ಮಂಡಳಿಯ ಮುಂದೆ ಹೋಗಿ ಮಾತಾಡಬಹುದು. ಹಲವು ಸಂಸ್ಥೆಗಳಲ್ಲಿ ಅವಧಿ ಮುಗಿದ ಮೇಲೆ ಅದೇ ಸಂಸ್ಥೆಯಲ್ಲಿ ಬೇರೆ ಕುರ್ಚಿ ಹಿಡಿಯುವ ಹಾಗಿಲ್ಲ. ಮುಂದೆ ಸಿಗುವ ಹುದ್ದೆಯ ಆಸೆಗೆ ಇವತ್ತು ಬಾಯಿ ಮುಚ್ಚಿಕೊಳ್ಳಬಾರದು ಅಂತ ಈ ನಿಯಮ. ನಮ್ಮ ಕಡೆ ನಿವೃತ್ತಿಯ ಹಾರ ಬಾಡುವ ಮೊದಲೇ ಯಾವುದಾದರೂ ಆಯೋಗದ ಅಧ್ಯಕ್ಷಗಿರಿ ಸಿಗುತ್ತದೆ. ಅಂಥವರು ಈ ನಿಯಮ ಓದಿದರೆ ಅವತ್ತು ಊಟ ಸೇರಲಿಕ್ಕಿಲ್ಲ.

ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್‌ನ ನೀತಿಯ ಪ್ರಕಾರ, ಕಾರ್ಯಕ್ರಮಗಳಿಗೆ ಮಾಡುವ ಖರ್ಚಿನಲ್ಲಿ ನೂರಕ್ಕೆ ಒಂದು ರೂಪಾಯಿ ಮೌಲ್ಯಮಾಪನಕ್ಕೆ ಹೋಗಬೇಕು. ಒಂದೇ ಒಂದು. ವರ್ಷಗಟ್ಟಲೆ ಆ ಒಂದೂ ಪೂರ್ತಿ ಹೋಗಲಿಲ್ಲ. ಆದರೂ ಆ ಮುಕ್ಕಾಲು ರೂಪಾಯಿಯಲ್ಲಿ ಎಷ್ಟು ಕೆಲಸ ಮಾಡಿದ್ದಾರೆ ಗೊತ್ತಾ? ಯೋಜನೆಯ ಮೌಲ್ಯಮಾಪನ ಇದೆ. ಅದನ್ನು ಶುರು ಮಾಡುವ ಮೊದಲು, ಈ ಯೋಜನೆಯನ್ನು ಮೌಲ್ಯಮಾಪನ ಮಾಡಲು ಸಾಧ್ಯವೇ ಅಂತ ನೋಡುವ ಇನ್ನೊಂದು ಪರಿಶೀಲನೆ ಇದೆ. ಬಂದ ವರದಿಯ ಗುಣಮಟ್ಟಕ್ಕೆ ಅಂಕ ಕೊಡಲು ಹೊರಗಿನ ಕಂಪನಿ ಇದೆ. ಇಡೀ ವಿಭಾಗ ಸರಿಯಾಗಿ ನಡೆಯುತ್ತಿದೆಯೇ ಅಂತ ನೋಡಲು ಬೇರೆ ಸಂಸ್ಥೆಗಳ ಮೌಲ್ಯಮಾಪಕರು ಬರುತ್ತಾರೆ. ಮಗು ಎಲ್ಲಿ ಅಂತ ಕೇಳಬೇಡಿ. ಅದು ಅನುಬಂಧದಲ್ಲಿದೆ, ಮುಖಪುಟದ ಫೋಟೋದಲ್ಲೂ ಇದೆ.

ನಗಬೇಡಿ. ನಮ್ಮಲ್ಲೂ 2011ರಿಂದ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ಇದೆ. ಅದರ ಒಂದಾದರೂ ವರದಿ ಓದಿದವರು ಕೈ ಎತ್ತಿ ನೋಡೋಣ. ನಾನೂ ಕೈ ಕೆಳಗೇ ಇಟ್ಟುಕೊಂಡಿದ್ದೇನೆ.

ಇಷ್ಟೆಲ್ಲ ಆದ ಮೇಲೆ ಬರುತ್ತದೆ ನನಗೆ ಅತ್ಯಂತ ಪ್ರಿಯವಾದ ದಾಖಲೆ. ಅದರ ಹೆಸರು ಆಡಳಿತದ ಪ್ರತಿಕ್ರಿಯೆ. ವರದಿ ಕೈಗೆ ಬಂದ 60 ದಿನದೊಳಗೆ ಒಂದೊಂದು ಶಿಫಾರಸಿಗೂ ಉತ್ತರ ಬರೆಯಬೇಕು. ಮೂರೇ ಉತ್ತರ. ಒಪ್ಪಲಾಗಿದೆ, ಭಾಗಶಃ ಒಪ್ಪಲಾಗಿದೆ, ತಿರಸ್ಕರಿಸಲಾಗಿದೆ. ತಿರಸ್ಕರಿಸಿದರೆ ಕಾರಣ ಕೊಡಬೇಕು, ಗಲಾಟೆ ಆಗುತ್ತದೆ. ಪೂರ್ತಿ ಒಪ್ಪಿದರೆ ಕೆಲಸ ಮಾಡಬೇಕು, ಅದು ಇನ್ನೂ ದೊಡ್ಡ ತಲೆನೋವು. ಹಾಗಾಗಿ ಜಾಣರು ನಡುವಿನದನ್ನು ಹಿಡಿಯುತ್ತಾರೆ. ಯಾವ ಭಾಗ ಒಪ್ಪಿದಿರಿ ಸ್ವಾಮಿ ಅಂತ ಕೇಳಿದರೆ, ಮುನ್ನುಡಿ.

ಈ ಮಾತನ್ನು ನಮ್ಮ ಮನೆಗಳಲ್ಲೂ ಬಳಕೆಗೆ ತರಬೇಕು. ಹೆಂಡತಿ ಗೀಸರ್ ರಿಪೇರಿ ಮಾಡಿಸಿ ಅಂದರೆ ಗಂಡ ಗಂಭೀರವಾಗಿ, ಭಾಗಶಃ ಒಪ್ಪಲಾಗಿದೆ, ಬರುವ ವರ್ಷದ ಮೂರನೇ ತ್ರೈಮಾಸಿಕದಲ್ಲಿ ಸಂಪನ್ಮೂಲದ ಲಭ್ಯತೆ ನೋಡಿಕೊಂಡು ಪರಿಶೀಲಿಸಲಾಗುವುದು ಅನ್ನಬೇಕು. ಪರಿಣಾಮಕ್ಕೆ ಅಂಕಣಕಾರ ಹೊಣೆಯಲ್ಲ.

ರಾಯಚೂರು ಕಡೆ ಸರ್ವೆ ಕೆಲಸಕ್ಕೆ ಹೋಗುವ ಹುಡುಗನೊಬ್ಬ ಇದ್ದಾನೆ. ಯಾವ ಸಂಸ್ಥೆಗೆ ಅನ್ನುವುದು ಬೇಡ. ಟ್ಯಾಬ್ ಹಿಡಿದು ಮನೆ ಮನೆ ಸುತ್ತುತ್ತಾನೆ. ಒಂದು ಮನೆಯ ಕಟ್ಟೆಯ ಮೇಲೆ ಅಜ್ಜಿ ಶೇಂಗಾ ಸುಲಿಯುತ್ತಾ ಕೂತಿದ್ದಳಂತೆ.

"ಯಮ್ಮಾ, ಈ ಯೋಜನೆಯಿಂದ ನಿಮಗ ಎಷ್ಟು ತೃಪ್ತಿ ಆಗೇತಿ? ಒಂದರಿಂದ ಐದರೊಳಗ ಹೇಳ್ರಿ."

"ಯಪ್ಪಾ, ಹ್ವಾದ ವರ್ಸನೂ ನಿನ್ನಂಗ ಒಬ್ಬಾವ ಬಂದು ಇದನ್ನ ಕೇಳಿ ಹ್ವಾದ. ಅವಂಗ ಹೇಳಿದ್ನೆಲ್ಲ, ನಳದಾಗ ನೀರು ಬರಂಗಿಲ್ಲ ಅಂತ."

"ಅದನ್ನ ಆಮ್ಯಾಗ ಬರಕೊಂತೀನಿ. ಈಗ ನಂಬರ್ ಹೇಳ್ರಿ."

"ನೀನ ಒಂದು ಛಲೋ ನಂಬರ್ ಹಾಕ್ಕೋ. ಚಾ ಕುಡಿತಿಯೇನು?"

ಚಹಾ ಚೆನ್ನಾಗಿತ್ತು. ಹುಡುಗ 4 ಒತ್ತಿದ. ಆ 4 ಬೆಂಗಳೂರಿಗೆ ಹೋಯಿತು, ಅಲ್ಲಿಂದ ದೆಹಲಿಗೆ, ಅಲ್ಲಿಂದ ಇನ್ನೂ ದೂರಕ್ಕೆ. ಎಲ್ಲೋ ಒಂದು ಪವರ್‌ಪಾಯಿಂಟ್‌ನಲ್ಲಿ ಈಗ ಹಸಿರು ಕಂಬವಾಗಿ ನಿಂತಿರುತ್ತದೆ. ನೀರಿನ ಮಾತು ಬರೆಯಲು ಆ ಟ್ಯಾಬಿನಲ್ಲಿ ಜಾಗವೇ ಇರಲಿಲ್ಲವಂತೆ.

ನೀರು ಅಂದ ಕೂಡಲೇ ಆ ತಿರುಗುವ ಪಂಪಿನ ಕಥೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಪ್ಲೇಪಂಪ್. ಮಕ್ಕಳು ಗಿರಗಿಟ್ಲೆ ಮೇಲೆ ಕೂತು ಆಡುತ್ತಾರೆ, ಅದು ತಿರುಗಿದ ಹಾಗೆ ನೀರು ಮೇಲಿನ ಟ್ಯಾಂಕಿಗೆ ಏರುತ್ತದೆ, ಟ್ಯಾಂಕಿನ ಸುತ್ತ ಜಾಹೀರಾತು. ಕೇಳಲು ಎಷ್ಟು ಚೆಂದ! 2000ದಲ್ಲಿ ವಿಶ್ವಬ್ಯಾಂಕ್ ಬಹುಮಾನ ಕೊಟ್ಟಿತು. 2006ರಲ್ಲಿ ಬಿಲ್ ಕ್ಲಿಂಟನ್ ಅವರ ಸಮಾವೇಶದಲ್ಲಿ ಆಗಿನ ಅಮೆರಿಕ ಅಧ್ಯಕ್ಷರ ಪತ್ನಿ ಲಾರಾ ಬುಷ್ 1.64 ಕೋಟಿ ಡಾಲರ್ ಘೋಷಿಸಿದರು. 2010ರೊಳಗೆ ಆಫ್ರಿಕಾದಲ್ಲಿ 4,000 ಪಂಪ್ ನಿಲ್ಲಿಸುತ್ತೇವೆ ಅಂದರು. ಮಾಮೂಲಿ ಕೈಪಂಪಿಗಿಂತ ನಾಲ್ಕು ಪಟ್ಟು ಬೆಲೆ, ಇರಲಿ, ಮಕ್ಕಳ ಖುಷಿಗೆ ಬೆಲೆ ಕಟ್ಟಲಾದೀತೇ?

ಆಮೇಲೆ ಲೆಕ್ಕ ಹಾಕುವವರು ಬಂದರು. ಒಂದು ಪಂಪಿನಿಂದ 2,500 ಜನಕ್ಕೆ ನೀರು ಅಂತ ಹೇಳಿದ್ದರಲ್ಲ, ಅಷ್ಟು ನೀರು ಬರಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಬಿಡದೆ ಆಡಬೇಕು ಅಂತ 2009ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಬರೆಯಿತು. ದಿನಕ್ಕೆ 27 ಗಂಟೆ! ನಮ್ಮ ಟ್ಯೂಷನ್ ಸೆಂಟರ್‌ಗಳಿಗೆ ಮಾತ್ರ ಸಾಧ್ಯ ಆಗಬಹುದಾದ ಟೈಮ್‌ಟೇಬಲ್. ಮಕ್ಕಳು ಆಡಿ ದಣಿದು ಮನೆಗೆ ಹೋದ ಮೇಲೆ ಅಮ್ಮಂದಿರು ಬಗ್ಗಿಕೊಂಡು ಆ ಗಾಲಿ ತಳ್ಳುತ್ತಿದ್ದರು. ಊರವರ ಎದುರು ನಾಚಿಕೆ ಬೇರೆ. ಇಲ್ಲಿ ಮೌಲ್ಯಮಾಪಕರನ್ನು ಬೈಯುವ ಹಾಗಿಲ್ಲ. ಯುನಿಸೆಫ್ 2007ರಲ್ಲೇ ಈ ಪಂಪಿನ ಮೌಲ್ಯಮಾಪನ ಮಾಡಿಸಿತ್ತು. ಕಷ್ಟಗಳೆಲ್ಲ ಅದರಲ್ಲಿವೆ. ಅದನ್ನು ಓದಬೇಕಾದವರು ಆಗ ರಿಬ್ಬನ್ ಕತ್ತರಿಸುತ್ತಿದ್ದರು. 2010ರಲ್ಲಿ ಅಂಗಡಿ ಮುಚ್ಚಿ, ಉಳಿದ ಪಂಪುಗಳನ್ನು ಇನ್ನೊಂದು ಸಂಸ್ಥೆಗೆ ದಾಟಿಸಿದರು.

ನಮ್ಮ ಹಳ್ಳಿಗಳಲ್ಲಿ ಇನ್ನೂ ನಿಂತಿರುವ ಬೋರಿಂಗ್ ಪಂಪ್ ಇದೆಯಲ್ಲ, ಉದ್ದ ಹಿಡಿಕೆಯ ಇಂಡಿಯಾ ಮಾರ್ಕ್ 2, ಅದಕ್ಕೂ ಯುನಿಸೆಫ್‌ಗೂ ನಂಟಿದೆ. 70ರ ದಶಕದ ನಡುವೆ ನೋಡಿದಾಗ ದೇಶದಲ್ಲಿ ಹಾಕಿದ್ದ ಕೈಪಂಪುಗಳಲ್ಲಿ ಮುಕ್ಕಾಲು ಪಾಲು ಕೆಟ್ಟು ನಿಂತಿದ್ದವು. ಎರಕದ ಕಬ್ಬಿಣದ ಆ ಪಂಪುಗಳು ಒಂದು ಮನೆಯ ಬಳಕೆಗೆ ಸರಿ, ಇಡೀ ಊರು ಒತ್ತಿದರೆ ಮುರಿಯುತ್ತಿದ್ದವು. ಸೊಲ್ಲಾಪುರದ ಕಡೆಯ ಗಟ್ಟಿ ಪಂಪಿನ ಮಾದರಿ ಹಿಡಿದು, ತಿದ್ದಿ, ಮದ್ರಾಸಿನ ಕಾರ್ಖಾನೆಯಲ್ಲಿ ಹೊಸದು ಮಾಡಿದರು. ಆಗ ಯಾರೂ ಹಸಿರು ಕಂಬ ಬಿಡಿಸಲಿಲ್ಲ. ಹಿಡಿಕೆ ಒತ್ತಿದರು, ನೀರು ಬರಲಿಲ್ಲ, ಬೇರೆ ಪಂಪ್ ಮಾಡಿದರು. ಆ ಕಾಲದವರಿಗೆ ಭಾಗಶಃ ಒಪ್ಪುವುದು ಗೊತ್ತಿರಲಿಲ್ಲ ಅಂತ ಕಾಣುತ್ತದೆ, ಪಾಪ.

ಅದೇ ಯುನಿಸೆಫ್ 2001ರಿಂದ 2005ರವರೆಗೆ ಪಶ್ಚಿಮ ಆಫ್ರಿಕಾದ 11 ದೇಶಗಳಲ್ಲಿ ಮಕ್ಕಳ ಸಾವು ತಡೆಯುವ ದೊಡ್ಡ ಯೋಜನೆ ನಡೆಸಿತು. ಕೆನಡಾ ದುಡ್ಡು ಕೊಟ್ಟಿತ್ತು. ಐದು ವರ್ಷದೊಳಗಿನ ಮಕ್ಕಳ ಸಾವು ಸರಾಸರಿ ನೂರಕ್ಕೆ 20ರಷ್ಟು ಇಳಿಯಿತು ಅಂತ ಸಂಸ್ಥೆಯೇ ಅಂದಾಜು ಹೇಳಿಕೊಂಡಿತು. ಹೆತ್ತವರಿಗೆ ಹೆಗ್ಗಣ ಮುದ್ದು. ಮುಂದೆ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದವರು ಕೂತು ಲೆಕ್ಕ ತೆಗೆದರು. 2010ರ ಜನವರಿಯಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಬೆನಿನ್ ದೇಶದಲ್ಲಿ ಯೋಜನೆ ಇದ್ದ ಕಡೆ ಸಾವು ನೂರಕ್ಕೆ 13 ಇಳಿದಿತ್ತು. ಹೋಲಿಕೆಗೆ ತೆಗೆದುಕೊಂಡ, ಯೋಜನೆ ಇಲ್ಲದ ಕಡೆ? 25. ಮಾಲಿ ದೇಶದಲ್ಲಿ ಇದ್ದ ಕಡೆ 24, ಇಲ್ಲದ ಕಡೆ 31. ಯೋಜನೆ ಬರದಿದ್ದರೇ ಚೆನ್ನಾಗಿತ್ತು ಅಂತ ಇದರ ಅರ್ಥ ಅಲ್ಲ, ಆ ಅಂತರ ಲೆಕ್ಕದಲ್ಲಿ ನಿಲ್ಲುವಷ್ಟು ದೊಡ್ಡದಲ್ಲ. ನಮ್ಮಿಂದಲೇ ಇಳಿಯಿತು ಅಂತ ಹೇಳಿಕೊಳ್ಳುವ ಹಾಗಿಲ್ಲ, ಅಷ್ಟೇ. ಲಸಿಕೆ, ವಿಟಮಿನ್ ಎ, ಸೊಳ್ಳೆ ಪರದೆ ಇವೆಲ್ಲ ಹೆಚ್ಚಾಗಿದ್ದವು. ಆದರೆ ಆ ಎರಡೂ ದೇಶಗಳಲ್ಲಿ ಮಲೇರಿಯಾ ಬಂದ ಮಗುವಿಗೆ, ನ್ಯುಮೋನಿಯಾ ಬಂದ ಮಗುವಿಗೆ ಚಿಕಿತ್ಸೆ ಸಿಗುವುದು ಹೆಚ್ಚಾಗಿರಲಿಲ್ಲ. ಪರದೆ ಕೊಟ್ಟವರು ಗುಳಿಗೆ ಎಲ್ಲಿ ಅಂತ ಕೇಳಿರಲಿಲ್ಲ.

ಒಂದು ಮಾತು ಒಪ್ಪಬೇಕು. ಈ ಲೆಕ್ಕ ತೆಗೆಸಲು ದುಡ್ಡು ಕೊಟ್ಟವರಲ್ಲಿ ಯುನಿಸೆಫ್ ಕೂಡ ಇತ್ತು. ನಮ್ಮ ಯಾವ ಇಲಾಖೆ ಹೀಗೆ ತನ್ನ ಮಾನ ತಾನೇ ಹರಾಜಿಗಿಟ್ಟೀತು? ನಾನು ತಮಾಷೆಗೆ ಹೇಳುತ್ತಿಲ್ಲ.

ಆದರೆ ಬಾಂಗ್ಲಾದೇಶದ ಕೊಳವೆಬಾವಿಯ ಮಾತು ಬಂದರೆ ನನಗೆ ತಮಾಷೆ ಬರುವುದಿಲ್ಲ. ಕೆರೆ ನೀರು ಕುಡಿದು ಮಕ್ಕಳು ವಾಂತಿ ಭೇದಿಯಿಂದ ಸಾಯುತ್ತಿದ್ದರು. 70ರ ದಶಕದಿಂದ ಅಲ್ಲಿನ ಸರ್ಕಾರ, ಯುನಿಸೆಫ್ ಸೇರಿ ಊರೂರಿಗೆ ಕೈಪಂಪಿನ ಕೊಳವೆಬಾವಿ ಹಾಕಿಸಿದರು. ಉದ್ದೇಶ ಒಳ್ಳೆಯದೇ. ನೋಡಿ ಮಾಡಿ ಜನ ತಾವೇ ಲಕ್ಷಗಟ್ಟಲೆ ಬಾವಿ ಕೊರೆಸಿಕೊಂಡರು. ಎಷ್ಟು ಬಾವಿ ಆಯಿತು ಅಂತ ಎಣಿಸಿದರು. ನೀರಿನಲ್ಲಿ ಆರ್ಸೆನಿಕ್ ಅನ್ನುವ ವಿಷ ಇದೆಯೇ ಅಂತ ನೋಡಲಿಲ್ಲ. ಗಡಿಯಾಚೆ ಪಶ್ಚಿಮ ಬಂಗಾಳದಲ್ಲಿ 1983ರಲ್ಲೇ ರೋಗಿಗಳು ಕಂಡಿದ್ದರು. ಬಾಂಗ್ಲಾದಲ್ಲಿ ಅದು ಪತ್ತೆಯಾದದ್ದು 1993ರಲ್ಲಿ. ಇತಿಹಾಸದಲ್ಲೇ ಅತಿ ದೊಡ್ಡ ಸಾಮೂಹಿಕ ವಿಷಪ್ರಾಶನ ಅಂತ 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆ ಬರೆಯಿತು. ಆಮೇಲೆ ಬಾವಿಗಳಿಗೆ ಬಣ್ಣ ಬಳಿದರು. ಕೆಂಪು ಅಂದರೆ ಕುಡಿಯಬೇಡಿ, ಹಸಿರು ಅಂದರೆ ಕುಡಿಯಿರಿ. ಅಂಗೈಯಲ್ಲಿ ಕಪ್ಪು ಗಂಟು ಎದ್ದವರಿಗೆ ಯಾವ ಬಣ್ಣ ಬಳಿಯುತ್ತೀರಿ?

ಇದರಲ್ಲಿ ಇನ್ನೊಂದಿದೆ. 1992ರಲ್ಲಿ ಬ್ರಿಟಿಷ್ ಭೂಗರ್ಭ ಸಮೀಕ್ಷೆಯವರು ಬಾಂಗ್ಲಾದ ಬಾವಿ ನೀರು ಪರೀಕ್ಷಿಸಿ ವರದಿ ಬರೆದಿದ್ದರು. ಎಷ್ಟೋ ಧಾತು ಹುಡುಕಿದ್ದರು, ಆರ್ಸೆನಿಕ್ ಒಂದನ್ನು ಬಿಟ್ಟು. ಆ ನೀರು ಕುಡಿದು ಕಾಯಿಲೆ ಬಿದ್ದ ಹಳ್ಳಿಗನೊಬ್ಬ ಲಂಡನ್ನಿನ ಕೋರ್ಟಿಗೆ ಹೋದ. ಬ್ರಿಟನ್ನಿನಲ್ಲಿ ಆಗ ಕೊನೆಯ ಮೇಲ್ಮನವಿ ಕೇಳುತ್ತಿದ್ದ ಹೌಸ್ ಆಫ್ ಲಾರ್ಡ್ಸ್ ತನಕ ಹೋಯಿತು. 2006ರಲ್ಲಿ ತೀರ್ಪು. ವರದಿ ಬರೆದವರಿಗೆ ನಿನ್ನ ಬಗ್ಗೆ ಯಾವ ಕಾನೂನು ಹೊಣೆಯೂ ಇಲ್ಲ. ಕಾನೂನು ಸರಿಯೇ ಇರಬಹುದು, ನಾನು ವಕೀಲನಲ್ಲ. ಆದರೆ ಆ ಮನುಷ್ಯನಿಗಾಗಿ ಬರೆದ ವರದಿ ಅಲ್ಲದಿದ್ದರೆ ಮತ್ಯಾರಿಗಾಗಿ ಬರೆದದ್ದು? ಬಡವನ ಬಾವಿಯಿಂದ ಬಾಟಲಿ ತುಂಬಿಕೊಂಡು ಹೋಗಿ, ಫಲಿತಾಂಶವನ್ನು ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ಹೇಳುವ ಈ ಧಂದೆ ನೋಡಿ ಸಾಕಾಗಿದೆ.

ಇರಲಿ. ಅಮೆರಿಕ ಸರ್ಕಾರದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ ಕಥೆ ನಿಮಗೆ ಗೊತ್ತೇ ಇದೆ. 2011ರಲ್ಲಿ ಅವರೂ ಮೌಲ್ಯಮಾಪನ ನೀತಿ ಬರೆದಿದ್ದರು. ಒಂದಲ್ಲ, ಸರಾಸರಿ ನೂರಕ್ಕೆ ಮೂರು ಡಾಲರ್ ಅದಕ್ಕೇ ಅಂದಿದ್ದರು. ವರದಿಗಳ ಗುಡ್ಡ ಬೆಳೆದಿತ್ತು. 2025ರ ಫೆಬ್ರುವರಿಯಲ್ಲಿ, ಟ್ರಂಪ್ ಸರ್ಕಾರದ ಖರ್ಚಿಗೆ ಕತ್ತರಿ ಹಾಕುತ್ತಿದ್ದ ಇಲಾನ್ ಮಸ್ಕ್ ಅವರು ವಾರಾಂತ್ಯದಲ್ಲಿ ಆ ಸಂಸ್ಥೆಯನ್ನು ಮರ ಪುಡಿ ಮಾಡುವ ಯಂತ್ರಕ್ಕೆ ಹಾಕಿದೆವು ಅಂತ ಬರೆದುಕೊಂಡರು. ಯಾವ ವರದಿಯ ಎಷ್ಟನೇ ಪುಟ ನೋಡಿ ಹಾಗೆ ಮಾಡಿದಿರಿ ಅಂತ ಕೇಳುವವರಿಲ್ಲ. ಸಂಸ್ಥೆಯ ಜಾಲತಾಣವೇ ಮಾಯವಾಯಿತು. ಜುಲೈ 1ಕ್ಕೆ ಬಾಗಿಲು ಹಾಕಿದರು. ಯುನಿಸೆಫ್ ಕೂಡ 2026ರಲ್ಲಿ ತನ್ನ ಆದಾಯ 2024ಕ್ಕಿಂತ ನೂರಕ್ಕೆ 20ರಷ್ಟಾದರೂ ಕಡಿಮೆ ಆದೀತು ಅಂತ 2025ರಲ್ಲೇ ಲೆಕ್ಕ ಹಾಕಿ ಕೂತಿತ್ತು. ಕತ್ತರಿ ಬಂದಾಗ ಆ ಒಂದು ರೂಪಾಯಿ ಎಷ್ಟು ದಿನ ಉಳಿಯುತ್ತದೆ ಅಂತ ಹೇಳಲು ಕನ್ಸಲ್ಟೆಂಟ್ ಬೇಕಾಗಿಲ್ಲ.

ಅದೇ ಜುಲೈಯಲ್ಲಿ ದುಬೈ ಗೋದಾಮಿನ ಬಿಸ್ಕತ್ತಿನ ಸುದ್ದಿ ಬಂತು. ಅಫ್ಘಾನಿಸ್ತಾನ, ಪಾಕಿಸ್ತಾನದ ಮಕ್ಕಳಿಗೆಂದು ಯುಎಸ್‌ಏಡ್ ಸುಮಾರು 8 ಲಕ್ಷ ಡಾಲರಿಗೆ ಕೊಂಡ ಪೌಷ್ಟಿಕ ಬಿಸ್ಕತ್ತು, ಹತ್ತಿರ ಹತ್ತಿರ 500 ಟನ್. 15 ಲಕ್ಷ ಮಕ್ಕಳಿಗೆ ಒಂದು ವಾರ ಸಾಕಾಗುವಷ್ಟು. ಕಳಿಸಿ ಅಂತ ಸಹಿ ಹಾಕುವವರು ಉಳಿದಿರಲಿಲ್ಲ. ಅವಧಿ ಮೀರಿತು, ಸುಡಿ ಅಂತ ಆಯಿತು.

ಮೌಲ್ಯಮಾಪನಕ್ಕೆ ಶ್ರೀಮಂತ ದೇಶಗಳ ಕೂಟ ಮಾಡಿಟ್ಟ ಆರು ಅಳತೆಗೋಲುಗಳಿವೆ. 1991ರಲ್ಲಿ ಐದಿದ್ದವು, 2019ರಲ್ಲಿ ಇನ್ನೊಂದು ಸೇರಿಸಿದರು. ಅವುಗಳಲ್ಲಿ ಕೆಲವನ್ನು ಈ ಬಿಸ್ಕತ್ತಿಗೆ ಹಿಡಿದು ನೋಡೋಣ ಬನ್ನಿ. ಪ್ರಸ್ತುತತೆ: ಮಕ್ಕಳಿಗೆ ಹಸಿವಿತ್ತು, ಪೂರ್ತಿ ಅಂಕ. ಪರಿಣಾಮ: ಬೆಂಕಿ ಚೆನ್ನಾಗಿ ಹತ್ತುತ್ತದೆ. ಸುಸ್ಥಿರತೆ: ಬೂದಿಗೆ ಅವಧಿ ಮೀರುವ ಭಯ ಇಲ್ಲ. ದಕ್ಷತೆಗೆ ಮಾತ್ರ ನಾನು ಕೈ ಬಿಚ್ಚಿ ಅಂಕ ಕೊಡುತ್ತೇನೆ. ಸುಡುವ ಖರ್ಚು 1.3 ಲಕ್ಷ ಡಾಲರ್ ಅಂತ ಆಗಲೇ ಲೆಕ್ಕ ಹಾಕಿಟ್ಟಿದ್ದರು. ಅದಕ್ಕೆ ಸಹಿ ಹಾಕಲು ಯಾರೋ ಸಿಕ್ಕಿದ್ದರು ಅಂತಾಯಿತು.