ನೂರು ಸೆಕೆಂಡಿಗೊಂದು ಬೆಟ್ಟ

2018ರ ಫೆಬ್ರವರಿ 15ರಂದು ನಾರ್ವೆಯ ಆಕ್ಸೆಲ್ ಲುಂಡ್ ಸ್ವಿಂಡಾಲ್ ದಕ್ಷಿಣ ಕೊರಿಯಾದ ಗಾರಿವಾಂಗ್ ಬೆಟ್ಟದಲ್ಲಿ 1,370 ಮೀಟರ್ ಎತ್ತರದಿಂದ 545 ಮೀಟರ್‌ಗೆ ಜಾರಿ ಬಂದರು. ತಗುಲಿದ ಸಮಯ 1 ನಿಮಿಷ 40.25 ಸೆಕೆಂಡ್. ಚಳಿಗಾಲದ ಒಲಿಂಪಿಕ್ಸ್‌ನ ಡೌನ್‌ಹಿಲ್ ಚಿನ್ನ ಅವರದಾಯಿತು, ಡೌನ್‌ಹಿಲ್ ಅಂದರೆ ಬೆಟ್ಟದ ಮೇಲಿನಿಂದ ಒಂದೇ ಓಟಕ್ಕೆ ಇಳಿಯುವ ಅತಿ ವೇಗದ ಸ್ಕೀ ಪಂದ್ಯ. ಅವರದೇ ದೇಶದ ಕ್ಯೆಟಿಲ್ ಯಾನ್ಸ್‌ರುಡ್ 0.12 ಸೆಕೆಂಡ್ ಹಿಂದೆ ಬಿದ್ದು ಬೆಳ್ಳಿಗೆ ತೃಪ್ತಿಪಟ್ಟರು. ಎರಡು ದಿನ ಬಿಟ್ಟು ಅದೇ ಬೆಟ್ಟದಲ್ಲಿ ನಡೆದ ಮಹಿಳೆಯರ ಇನ್ನೊಂದು ವೇಗದ ಪಂದ್ಯ ಸೂಪರ್-ಜಿಯಲ್ಲಿ ಚೆಕ್ ದೇಶದ ಎಸ್ಟರ್ ಲೆಡೆಟ್ಸ್ಕಾ ಚಿನ್ನ ಗೆದ್ದದ್ದು 0.01 ಸೆಕೆಂಡ್ ಅಂತರದಲ್ಲಿ. ಸೆಕೆಂಡನ್ನು ನೂರು ಚೂರು ಮಾಡಿ ಒಂದು ಚೂರನ್ನೂ ಬಿಡದೆ ಎಣಿಸಿದ ಈ ಜನ, ಅದೇ ಬೆಟ್ಟದ ಇನ್ನೊಂದು ಲೆಕ್ಕದಲ್ಲಿ ಮಾತ್ರ ಬಹಳ ಉದಾರಿಗಳು. ಕಡಿದ ಕಾಡು ವಾಪಸ್ ಬರುವುದು ಯಾವಾಗ? ‘ಕ್ರೀಡಾಕೂಟ ಮುಗಿದ ಮೇಲೆ.’ ಅಷ್ಟು ಬರೆದು ಫೈಲು ಕಟ್ಟಿದ್ದರು.

ಬೆಟ್ಟ ಯಾಕೆ ಬೇಕಾಯಿತು ಅಂದರೆ, ಒಂದು ಸಂಖ್ಯೆಗಾಗಿ. ಒಲಿಂಪಿಕ್ಸ್‌ನಲ್ಲಿ ಪುರುಷರ ಡೌನ್‌ಹಿಲ್ ಹಾದಿಯ ಆರಂಭಕ್ಕೂ ಅಂತ್ಯಕ್ಕೂ ಕನಿಷ್ಠ 800 ಮೀಟರ್ ಎತ್ತರದ ವ್ಯತ್ಯಾಸ ಇರಬೇಕು ಎಂಬುದು ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ನಿಯಮ. ಆಲ್ಪ್ಸ್‌ನಲ್ಲಿ ಕೂತು ಬರೆದರೆ ಇದು ಸಣ್ಣ ಸಂಖ್ಯೆಯೇ. ಕೊರಿಯಾದ ಬೆಟ್ಟಗಳು ಈ ನಿಯಮಾವಳಿ ಓದಿ ಬೆಳೆದವಲ್ಲ. ಆತಿಥ್ಯಕ್ಕಾಗಿ ಮೂರನೇ ಸಲ ಅರ್ಜಿ ಹಾಕಿದ್ದ ಪ್ಯೊಂಗ್‌ಚಾಂಗ್‌ಗೆ 2011ರ ಜುಲೈನಲ್ಲಿ ಡರ್ಬನ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸಭೆ ಅಸ್ತು ಎಂದಿತು. ತಿರುವುಗಳೇ ಮುಖ್ಯವಾದ ಸ್ಲಾಲಂ, ಜಯಂಟ್ ಸ್ಲಾಲಂ ಪಂದ್ಯಗಳಿಗೆ ಯೊಂಗ್‌ಪ್ಯೊಂಗ್ ರೆಸಾರ್ಟ್ ಇತ್ತು. ವೇಗದ ಪಂದ್ಯಗಳಿಗೆ ಎತ್ತರ, ಇಳಿಜಾರು, ದಿಕ್ಕು ಎಲ್ಲ ಕೂಡಿಬಂದದ್ದು ಜಂಗ್‌ಸನ್ ಜಿಲ್ಲೆಯ ಗಾರಿವಾಂಗ್‌ನಲ್ಲಿ. 1,561 ಮೀಟರ್ ಎತ್ತರದ ಈ ಬೆಟ್ಟಕ್ಕೆ ಇದ್ದ ದೋಷ ಒಂದೇ, ಅದರ ತುಂಬ ಮರಗಳಿದ್ದವು.

ಸಾಮಾನ್ಯ ಮರಗಳಲ್ಲ. ಚೋಸನ್ ದೊರೆಗಳ ಕಾಲದಲ್ಲಿ ಅರಮನೆಗೆ ಕಾಡು ಜಿನ್‌ಸೆಂಗ್ ಎಂಬ ಔಷಧಿ ಬೇರು ಸಲ್ಲಬೇಕಿದ್ದ ಸೀಮೆಯಿದು. ಸಾರ್ವಜನಿಕರು ಕಾಲಿಡಬಾರದೆಂದು ಗಡಿಕಲ್ಲು ನೆಡಿಸಿದ್ದರು. ಸುದ್ದಿಯಲ್ಲಿ ಓಡಾಡಿದ ‘500 ವರ್ಷದ ಕಾಡು’ ಎಂಬ ಮಾತು ಬಂದದ್ದು ಇಲ್ಲಿಂದ. ಪ್ರತಿ ಮರಕ್ಕೂ 500 ವರ್ಷ ಎಂದು ಅದರ ಅರ್ಥವಲ್ಲ, ನಡುವೆ ಬೆಟ್ಟದ ಕೆಲವು ಭಾಗಗಳಲ್ಲಿ ಕುಮರಿ ಬೇಸಾಯವೂ ನಡೆದಿತ್ತು. ಕಡಿಯುವವರಿಗೆ ಅಷ್ಟು ಸಾಕಾಯಿತು. ‘ಇದೇನು ಮನುಷ್ಯ ಮುಟ್ಟದ ಕಾಡಲ್ಲವಲ್ಲ’ ಎಂಬ ವಾದ ಕೂಡಲೇ ಎದ್ದು ನಿಂತಿತು. ಅಜ್ಜ ಒಂದು ಮೂಲೆಯಲ್ಲಿ ಕೊಡಲಿ ಹಾಕಿದ್ದ ಎಂಬ ಸಾಕ್ಷಿ ಸಿಕ್ಕರೆ ಮೊಮ್ಮಗ ಬುಲ್ಡೋಜರ್ ತರಬಹುದು ಎಂಬುದು ಲೋಕದ ಎಲ್ಲ ಕಾಡುಗಳಿಗೂ ಅನ್ವಯಿಸುವ ನ್ಯಾಯ.

ಕೊರಿಯಾದ ಅರಣ್ಯ ಇಲಾಖೆಯೇ 2008ರಲ್ಲಿ ಇದನ್ನು ಅರಣ್ಯ ಆನುವಂಶಿಕ ಸಂಪನ್ಮೂಲ ಸಂರಕ್ಷಣಾ ವಲಯ ಎಂದು ಘೋಷಿಸಿತ್ತು. ಕಾರಣ ಬರೀ ಮರದ ವಯಸ್ಸಲ್ಲ, ನೆಲದ ಗುಣ. ಇಲ್ಲಿನ ಇಳಿಜಾರುಗಳಲ್ಲಿ ತೆಳು ಮಣ್ಣಿನ ಕೆಳಗೆ ಬಂಡೆಚೂರುಗಳ ರಾಶಿ ಇದೆ. ಕಲ್ಲುಗಳ ಸಂದಿನಿಂದ ಬೇಸಿಗೆಯಲ್ಲಿ ತಣ್ಣನೆಯ ಗಾಳಿ, ಚಳಿಗಾಲದಲ್ಲಿ ಅದಕ್ಕಿಂತ ಬೆಚ್ಚಗಿನ ಗಾಳಿ ಹೊರಬರುತ್ತದೆ. ಅಂಥ ಗಾಳಿಕಂಡಿಗಳ ಸುತ್ತ ಇನ್ನೂ ಉತ್ತರದ ಚಳಿಸೀಮೆಯಲ್ಲಿ ಇರಬೇಕಾದ ಗಿಡಗಳು ಬದುಕಿಕೊಂಡಿದ್ದವು. ಯೂ ಎಂಬ ಸೂಜಿಎಲೆಯ ಮರಗಳಂತೂ ಸಸಿಯಿಂದ ಮುದಿಮರದವರೆಗೆ ಎಲ್ಲ ಪ್ರಾಯದವೂ ಒಂದೇ ಕಡೆ ಇದ್ದವು, ಅಂದರೆ ಕಾಡು ತನ್ನಷ್ಟಕ್ಕೆ ಸಂತಾನ ಮುಂದುವರಿಸುತ್ತಿತ್ತು. 2013ರಲ್ಲಿ ಅದೇ ಇಲಾಖೆ ಸುಮಾರು 78 ಹೆಕ್ಟೇರ್‌ಗೆ ಸಂರಕ್ಷಣೆ ತೆಗೆದುಹಾಕಿತು. ಡಿನೋಟಿಫಿಕೇಶನ್ ಬಗ್ಗೆ ಕರ್ನಾಟಕದ ಓದುಗರಿಗೆ ವಿವರಿಸುವ ಅಗತ್ಯವಿಲ್ಲ. ನಮ್ಮಲ್ಲಿ ಅದು ಸೈಟಿಗಾಗಿ ಆಗುತ್ತದೆ, ಅಲ್ಲಿ ಚಿನ್ನದ ಪದಕಕ್ಕಾಗಿ ಆಯಿತು. ಆದರ್ಶದ ಮಟ್ಟದಲ್ಲಿ ಅವರು ನಮಗಿಂತ ಒಂದು ಕೈ ಮೇಲೆ.

ಪರಿಸರ ಸಂಘಟನೆಗಳು ಸುಮ್ಮನಿರಲಿಲ್ಲ, ನಿಯಮಾವಳಿಯನ್ನೇ ತೆರೆದು ತೋರಿಸಿದವು. ಭೂಮಿಯ ರಚನೆ ಒಗ್ಗದಿದ್ದರೆ 750 ಮೀಟರ್‌ಗೆ ವಿನಾಯಿತಿ ಇದೆ ಎಂದವು. ಇನ್ನೂ ಗಿಡ್ಡ ಬೆಟ್ಟದಲ್ಲಿ ಎರಡು ಸುತ್ತು ಓಡಿಸಿ ಸಮಯ ಕೂಡಿಸುವ ಪದ್ಧತಿಯೂ ಇದೆ ಎಂದವು. 1997ರ ವಿಶ್ವವಿದ್ಯಾಲಯ ಚಳಿಗಾಲದ ಕೂಟ ನಡೆದ ಮುಜು ರೆಸಾರ್ಟ್ ಇದೆಯಲ್ಲ ಎಂದವು. ಒಲಿಂಪಿಕ್ಸ್‌ಗೆ ಇದೆಲ್ಲ ಆಗದು ಎಂಬ ಉತ್ತರ ಬಂತು. ಮುಜು ಅಂದಾಗಲೇ ಒಂದು ವಿಷಯ ನೆನಪಾಗಬೇಕಿತ್ತು. ಆ ರೆಸಾರ್ಟ್ ಇರುವುದು ದಗ್ಯೂಸಾನ್ ರಾಷ್ಟ್ರೀಯ ಉದ್ಯಾನದಲ್ಲಿ, ಅದಕ್ಕಾಗಿ ಯೂ ಮರಗಳನ್ನೂ ಕೊರಿಯನ್ ಫರ್ ಮರಗಳನ್ನೂ ‘ಸ್ಥಳಾಂತರ’ ಮಾಡಿದ್ದರು. ಸ್ಥಳಾಂತರವಾದ ಮರಗಳು ಒಣಗಿ ನಿಂತವು. ಪರ್ವತದ ಮರಕ್ಕೆ ಬೇರು ಹರಡಿರುವುದು ಕಲ್ಲಿನ ಸಂದುಗಳಲ್ಲಿ. ಬುಡಕ್ಕೆ ಗೋಣಿ ಸುತ್ತಿ ಎತ್ತುವಾಗ ಬರುವುದು ಕಾಂಡ, ನೀರು ಹೀರುವ ಎಳೆಬೇರು ಕಲ್ಲಿನ ಜತೆ ಅಲ್ಲೇ ಉಳಿಯುತ್ತದೆ.

ಹಾಗಂತ ಸಂಘಟಕರಿಗೆ ಪರಿಸರ ಕಾಳಜಿ ಇರಲಿಲ್ಲ ಎನ್ನಲಾಗದು. ಪುರುಷರಿಗೊಂದು, ಮಹಿಳೆಯರಿಗೊಂದು ಎಂದಿದ್ದ ಎರಡು ಹಾದಿಗಳನ್ನು ಒಂದು ಮಾಡಿದರು. ಎರಡು ಬೆರಳು ಕತ್ತರಿಸಬೇಕಿತ್ತು, ಒಂದೇ ಕತ್ತರಿಸಿದ್ದೇವೆ ಎಂದು ವೈದ್ಯರು ಹೇಳಿದರೆ ರೋಗಿ ಕೃತಜ್ಞನಾಗಿರಬೇಕು.

2014ರ ಶರತ್ಕಾಲದಲ್ಲಿ ಕೊಯ್ಯುವ ಗರಗಸಗಳು ಬೆಟ್ಟ ಹತ್ತಿದವು. ಬಿದ್ದ ಮರ ಸುಮಾರು 58 ಸಾವಿರ. ಹಾದಿಯ ವಿನ್ಯಾಸ ಮಾಡಿದವರು ಸ್ವಿಟ್ಜರ್‌ಲೆಂಡಿನ ಬರ್ನ್‌ಹಾರ್ಡ್ ರುಸಿ, ಈ ಕೆಲಸದಲ್ಲಿ ಅವರನ್ನು ಮೀರಿಸುವವರಿಲ್ಲ. ಕಾಡಿನ ನಡುವೆ ಹಾಯುವ ಡೌನ್‌ಹಿಲ್ ಹಾದಿ ಕನಿಷ್ಠ 30 ಮೀಟರ್ ಅಗಲ ಇರಬೇಕು, ಗಂಟೆಗೆ ನೂರು ಕಿಲೋಮೀಟರ್ ದಾಟಿದ ಮನುಷ್ಯ ತಿರುವಿನಲ್ಲಿ ಹಿಡಿತ ತಪ್ಪಿದರೆ ಮರಕ್ಕೆ ಬಡಿಯಬಾರದು. ತಿರುವುಗಳ ಹೊರಬದಿಯಲ್ಲಿ ಇನ್ನಷ್ಟು ಜಾಗ. ಅದರಾಚೆ ಕಂಬಕ್ಕೆ ಕಟ್ಟಿದ ಎತ್ತರದ ಸ್ಥಿರ ಬಲೆ, ಅದರ ಮುಂದೆ ಹಿಮಕ್ಕೆ ಚುಚ್ಚಿದ ಹಗುರ ಬಲೆಗಳು ಎರಡು ಮೂರು ಸಾಲು, ಒಂದು ಹರಿದರೆ ಇನ್ನೊಂದು ತಡೆಯಲೆಂದು. ನೆಗೆತ ಎಲ್ಲಿ ಬರಬೇಕೋ ಅಲ್ಲಿ ಮಣ್ಣು ತುಂಬಿ ದಿಬ್ಬ, ನೆಗೆದವನು ಇಳಿಯುವ ಜಾಗಕ್ಕೆ ಕಡಿದಾದ ಇಳಿಜಾರು, ಸಮತಟ್ಟಿಗೆ ಬಿದ್ದರೆ ಮಂಡಿ ಮುರಿಯುತ್ತದೆ. ಇವೆಲ್ಲವೂ ನ್ಯಾಯವಾದ ಲೆಕ್ಕವೇ, ಸ್ಕೀ ಮಾಡುವವನ ಎಲುಬಿನ ಲೆಕ್ಕ. ಜತೆಗೆ ಜನರನ್ನು ಮೇಲೊಯ್ಯುವ ತೂಗುಡಬ್ಬಿಗಳ ಗೊಂಡೋಲಾ, ಕೆಲಸದ ರಸ್ತೆ, ನೀರಿನ ಕೊಳವೆ, ಪಂಪು, ವಿದ್ಯುತ್ ಕೇಬಲ್ಲು. ಖರ್ಚು ಸುಮಾರು 20 ಸಾವಿರ ಕೋಟಿ ವಾನ್, ನಮ್ಮ ಲೆಕ್ಕದಲ್ಲಿ ಆಗ ಸುಮಾರು 1,200 ಕೋಟಿ ರೂಪಾಯಿ.

ಇಷ್ಟೆಲ್ಲ ಆದ ಮೇಲೂ ಒಂದು ಸಾಮಗ್ರಿ ಸ್ಥಳೀಯವಾಗಿ ಸಿಗುತ್ತಿರಲಿಲ್ಲ. ಹಿಮ.

ಜಂಗ್‌ಸನ್‌ನಲ್ಲಿ ಚಳಿಗಾಲ ಒಣ ಚಳಿ, ಆಕಾಶದಿಂದ ಬೀಳುವುದು ಪಂದ್ಯಕ್ಕೆ ಸಾಲದು. ಸಾಲದಿದ್ದರೂ ನಷ್ಟವಿಲ್ಲ, ಸ್ಪರ್ಧೆಗೆ ಬೇಕಾದದ್ದು ಹೂವಿನಂಥ ಹಿಮವಲ್ಲ, ಕಾಂಕ್ರೀಟಿನಂಥದ್ದು. ಸ್ನೋ ಗನ್ ಎಂಬ ಯಂತ್ರ ನೀರನ್ನು ಸಣ್ಣ ಹನಿಯಾಗಿ ಗಾಳಿಗೆ ಊದುತ್ತದೆ, ತೇವಾಂಶವನ್ನೂ ಸೇರಿಸಿ ಅಳೆದ ಉಷ್ಣತೆ ಮೈನಸ್ ಎರಡು ಮೂರು ಡಿಗ್ರಿಗಿಂತ ಕೆಳಗಿದ್ದರೆ ಹನಿ ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟುತ್ತದೆ. ಹೀಗೆ ಮಾಡಿದ ಹಿಮ ಘನ ಮೀಟರ್‌ಗೆ ನಾನೂರು ಐನೂರು ಕಿಲೋ ತೂಗುತ್ತದೆ. ಒಂದು ಹೆಕ್ಟೇರ್‌ಗೆ ಒಂದು ಮೀಟರ್ ದಪ್ಪ ಹಾಸಲು ಸುಮಾರು 45 ಲಕ್ಷ ಲೀಟರ್ ನೀರು ಬೇಕು. ಹಾಸಿದರೆ ಮುಗಿಯಲಿಲ್ಲ. ಉದ್ದನೆಯ ಸರಳಿಗೆ ಸಾಲಾಗಿ ನಳಿಕೆ ಜೋಡಿಸಿ, ಅದನ್ನು ಹಿಮದ ಮೇಲೆ ಇಟ್ಟು ಒತ್ತಡದ ನೀರನ್ನು ಒಳಕ್ಕೆ ಚುಚ್ಚುತ್ತಾರೆ, ರಾತ್ರಿ ಕಳೆಯುವಷ್ಟರಲ್ಲಿ ಒಳಗಿನಿಂದ ಗಟ್ಟಿಯಾಗಬೇಕು. ಬರೀ ಮೇಲಿನಿಂದ ಪೈಪು ಹಿಡಿದರೆ ಗಾಜಿನ ಪದರ ಆಗುತ್ತದೆ, ಅಡಿ ಮೆತ್ತಗೇ ಉಳಿಯುತ್ತದೆ, ಮೂವತ್ತನೆಯ ಸ್ಪರ್ಧಿ ಬರುವಷ್ಟರಲ್ಲಿ ಮೇಲಿನದು ಒಡೆದು ಗುಂಡಿ ಬೀಳುತ್ತದೆ. ಹೀಗೆ ಮರ ಇದ್ದ ಕಡೆ ಮರ ತೆಗೆದು, ಹಿಮ ಇಲ್ಲದ ಕಡೆ ಹಿಮ ಸುರಿದು, ಸುರಿದ ಹಿಮವನ್ನು ಮತ್ತೆ ಮಂಜುಗಡ್ಡೆ ಮಾಡಿ, ಪ್ರಕೃತಿಯ ಮಡಿಲಲ್ಲಿ ನಡೆಯುವ ಕ್ರೀಡೆಯೊಂದು ಸಿದ್ಧವಾಯಿತು.

ಗಾಳಿಯೊಂದನ್ನು ಗುತ್ತಿಗೆಗೆ ಕೊಟ್ಟಿರಲಿಲ್ಲ. ಪುರುಷರ ಡೌನ್‌ಹಿಲ್ ಫೆಬ್ರವರಿ 11ಕ್ಕೆ ನಡೆಯಬೇಕಿತ್ತು, ಜೋರು ಗಾಳಿಗೆ 15ಕ್ಕೆ ಹೋಯಿತು.

ಈಗ ರುಸಿಯವರ ವಿಷಯಕ್ಕೆ ಬರೋಣ, ಈ ಇತಿಹಾಸದ ರಸವೆಲ್ಲ ಅಲ್ಲೇ ಇರುವುದು. 1972ರ ಸಪ್ಪೊರೊ ಒಲಿಂಪಿಕ್ಸ್‌ನಲ್ಲಿ ಡೌನ್‌ಹಿಲ್ ಚಿನ್ನ ಗೆದ್ದವರು ಇದೇ ರುಸಿ. ಗೆದ್ದದ್ದು ಎನಿವಾ ಬೆಟ್ಟದ ಮೇಲೆ. ಅದು ಜಪಾನಿನ ರಾಷ್ಟ್ರೀಯ ಉದ್ಯಾನದೊಳಗಿನ ಬೆಟ್ಟ. ಅಲ್ಲೂ ಎತ್ತರದ ಕಾರಣಕ್ಕೇ ಡೌನ್‌ಹಿಲ್ ಪಂದ್ಯಗಳಿಗೆಂದು ಕಾಡು ಕಡಿದಿದ್ದರು, ಆಟ ಮುಗಿದ ಮೇಲೆ ಎಲ್ಲ ಕಿತ್ತು ಮತ್ತೆ ಕಾಡು ಬೆಳೆಸುವ ಕರಾರಿನ ಮೇಲೆ. ಜಪಾನಿನವರು ಕರಾರಿನಂತೆ ಕಿತ್ತರು, ಸಸಿ ನೆಟ್ಟರು. ಹೀಗಾಗಿ ರುಸಿಯವರು ಚಿನ್ನ ಗೆದ್ದ ಹಾದಿ ಇಂದು ಇಲ್ಲ. ನಲವತ್ತು ವರ್ಷ ಬಿಟ್ಟು ಅವರೇ ಇನ್ನೊಂದು ದೇಶದ ಇನ್ನೊಂದು ಸಂರಕ್ಷಿತ ಬೆಟ್ಟದಲ್ಲಿ ಅದೇ ಕರಾರಿನ ಇನ್ನೊಂದು ಹಾದಿ ಗೀಚಿದರು. ಅನುಭವಿಗಳಿಗೆ ಬೇಡಿಕೆ ಇರುವುದು ಸುಮ್ಮನೆ ಅಲ್ಲ. ಒಕ್ಕೂಟದ 800 ಮೀಟರ್ ಮಾತ್ರ ನಡುವೆ ಒಂದಿಂಚೂ ಕರಗಲಿಲ್ಲ, ಹಿಮನದಿಗಳೇ ಕರಗಿದವು.

ಹಾದಿಯ ದುಡಿಮೆಯ ಲೆಕ್ಕ ನೋಡಿ. 2016ರ ಫೆಬ್ರವರಿಯಲ್ಲಿ ಪುರುಷರ ವಿಶ್ವಕಪ್, ಎರಡು ಪಂದ್ಯ. 2017ರ ಮಾರ್ಚ್‌ನಲ್ಲಿ ಮಹಿಳೆಯರದು, ಎರಡು ಪಂದ್ಯ, ಎರಡನ್ನೂ ಗೆದ್ದದ್ದು ಇಟಲಿಯ ಸೊಫಿಯಾ ಗೊಜ್ಜಾ. ಒಲಿಂಪಿಕ್ಸ್‌ನಲ್ಲಿ ಆರು ಚಿನ್ನ, ಆರು ದಿನ. ಚಿನ್ನಕ್ಕೆ ತಲಾ ಒಂಬತ್ತೂವರೆ ಸಾವಿರಕ್ಕೂ ಹೆಚ್ಚು ಮರ. ಮಾರ್ಚ್‌ನಲ್ಲಿ ಪ್ಯಾರಾಲಿಂಪಿಕ್ಸ್. ಅಲ್ಲಿಗೆ ಶುಭಂ. ಸ್ಪರ್ಧಿಗಳೇನೋ ಹಾದಿಯನ್ನು ಹೊಗಳಿದರು, ಹೊಗಳುವಂತೆಯೇ ಇತ್ತು. ನೆಗೆತಗಳ ಲಯ, ತಿರುವಿನಿಂದ ತಿರುವಿಗೆ ಹರಿವು, ರುಸಿಯವರ ಕೈಯ ಗುಣ ಎದ್ದು ಕಾಣುತ್ತಿತ್ತು. ಕೆಟ್ಟ ಹಾದಿಯಾಗಿದ್ದರೆ ಇಷ್ಟು ಬೇಸರವಿರುತ್ತಿರಲಿಲ್ಲ.

ಮೇ ತಿಂಗಳ ಮಳೆಗೆ ಬೆಟ್ಟ ತನ್ನ ಅಭಿಪ್ರಾಯ ಹೇಳಿತು. ಯಂತ್ರ ಓಡಾಡಿ ಗಟ್ಟಿಯಾದ ಮಣ್ಣು ನೀರು ಕುಡಿಯುವುದಿಲ್ಲ, ನೀರು ಮೇಲೇ ಓಡಿ ಕೊರಕಲು ಕೊರೆಯುತ್ತದೆ, ಬೇರಿನ ಹಿಡಿತ ತಪ್ಪಿದ ಬಂಡೆಚೂರು ಜತೆಗೆ ಹೊರಡುತ್ತದೆ. ಕಲ್ಲು ಮಣ್ಣು ಕೊಚ್ಚಿ ಕೆಳಕ್ಕೆ ಬಂದು, ಬುಡದಲ್ಲಿದ್ದವರು ಮನೆ ಬಿಡಬೇಕಾಯಿತು. ಕಾಡನ್ನು ಮರಳಿಸುವುದೆಂದರೆ ಸಸಿ ನೆಡುವುದು ಎಂದುಕೊಂಡವರಿಗೆ ಹೇಳಬೇಕಾದದ್ದು ಇಷ್ಟೆ: ಮೊದಲು ಕೊಳವೆ, ಕೇಬಲ್ಲು, ಕಾಂಕ್ರೀಟು ಅಡಿಪಾಯಗಳನ್ನು ತೆಗೆಯಬೇಕು, ತುಂಬಿದ ದಿಬ್ಬ ಕರಗಿಸಿ ಹಳೆಯ ತೊರೆಗಳಿಗೆ ದಾರಿ ಬಿಡಬೇಕು, ಮೇಲ್ಮಣ್ಣು ಹಾಸಬೇಕು, ಆ ಮಣ್ಣಿನಲ್ಲಿ ಅದೇ ಕಾಡಿನ ಬೀಜ ಇರಬೇಕು. ಆಮೇಲೆ ಸಸಿ. ಗಾಳಿಕಂಡಿಯ ಕಲ್ಲುರಾಶಿಯನ್ನು ಒಮ್ಮೆ ಕದಡಿದರೆ ಮತ್ತೆ ಹಾಗೇ ಜೋಡಿಸುವ ಗುತ್ತಿಗೆದಾರ ಯಾವ ದೇಶದಲ್ಲೂ ಇಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

2018ರ ಕೊನೆಗೆ ಸರ್ಕಾರಿ ಅರಣ್ಯ ಭೂಮಿ ಬಳಸುವ ಅವಧಿ ಮುಗಿಯಿತು. ಪೂರ್ತಿ ಕಾಡು ಮಾಡಿ ಕೊಡಿ ಎಂದು ಅರಣ್ಯ ಇಲಾಖೆ ಪಟ್ಟು ಹಿಡಿಯಿತು, 2013ರಲ್ಲಿ ಬಿಟ್ಟುಕೊಟ್ಟ ಅದೇ ಇಲಾಖೆ. ಗೊಂಡೋಲಾ, ರಸ್ತೆ ಹಾಗೇ ಉಳಿಯಲಿ ಎಂದಿತು ಜಂಗ್‌ಸನ್ ಜಿಲ್ಲೆ ಇರುವ ಗಾಂಗ್‌ವನ್ ಪ್ರಾಂತ. ಗೊಂಡೋಲಾ ಉಳಿಸಿ ಎಂದು ಜಂಗ್‌ಸನ್ ಜನ ಬೀದಿಗಿಳಿದರು. ಅವರನ್ನು ನೋಡಿ ನಗುವುದು ಸುಲಭ, ನಗಬಾರದು. ಕಲ್ಲಿದ್ದಲು ಗಣಿ ಮುಚ್ಚಿ ಬಡವಾದ ಸೀಮೆ, ಬೆಟ್ಟವನ್ನೂ ಕೊಟ್ಟರು. ಒಲಿಂಪಿಕ್ಸ್ ಬಿಟ್ಟುಹೋದ ವಸ್ತುಗಳಲ್ಲಿ ಟಿಕೆಟ್ ಹರಿಯಬಹುದಾದದ್ದು ಅದೊಂದೇ. 2021ರಲ್ಲಿ ಸರ್ಕಾರಗಳಿಗೆ ಬಲು ಪ್ರಿಯವಾದ ಪರಿಹಾರ ಹುಟ್ಟಿತು, ತಾತ್ಕಾಲಿಕ. 2024ರ ಕೊನೆಯವರೆಗೆ ಗೊಂಡೋಲಾ ಓಡಲಿ, ಆಮೇಲೆ ನೋಡೋಣ. 2023ರ ಜನವರಿಯಲ್ಲಿ ಅದು ಗಾರಿವಾಂಗ್ ಕೇಬಲ್ ಕಾರ್ ಎಂಬ ಹೆಸರಲ್ಲಿ ಶುರುವಾಯಿತು. ಮೂರೂವರೆ ಕಿಲೋಮೀಟರ್, ಸುಮಾರು ಇಪ್ಪತ್ತು ನಿಮಿಷ. ಬೆಟ್ಟದ 1,381 ಮೀಟರ್ ಎತ್ತರದ ಕಿರುಶಿಖರದಲ್ಲಿ ಇಳಿದು ನಿಸರ್ಗ ಸೌಂದರ್ಯ ಸವಿಯಬಹುದು, ಕೆಳಗಿನ ಬೋಳು ಪಟ್ಟಿಯನ್ನು ಬಿಟ್ಟು ಉಳಿದ ಕಡೆ ನೋಡಿದರೆ. ಗಡುವು ಬಂತು, ಹೋಯಿತು.

ಆ ನಡುವೆ, 2024ರ ಜನವರಿಯಲ್ಲಿ ಗಾಂಗ್‌ವನ್ ಪ್ರಾಂತಕ್ಕೆ ಯುವ ಚಳಿಗಾಲದ ಒಲಿಂಪಿಕ್ಸ್ ಬಂತು. ಆಲ್ಪೈನ್ ಸ್ಕೀ ಪಂದ್ಯಗಳು ಅದೇ ಜಂಗ್‌ಸನ್ ಜಿಲ್ಲೆಯಲ್ಲಿ ನಡೆದವು. ಹೈ-ವನ್ ರೆಸಾರ್ಟಿನಲ್ಲಿ, ಮೊದಲಿನಿಂದಲೂ ಅಲ್ಲೇ ಇದ್ದ ಹಾದಿಗಳಲ್ಲಿ. ಮಕ್ಕಳ ಕೂಟಕ್ಕೆ ಡೌನ್‌ಹಿಲ್ ಇರಲಿಲ್ಲವಾದ್ದರಿಂದ 800 ಮೀಟರ್ ಯಾರಿಗೂ ಬೇಕಾಗಲಿಲ್ಲ.