ಬುದ್ಧಿ ಬಲಿಯಲೆಂದು ದೇಹ ಕಾಯುವುದಿಲ್ಲ

ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇದ್ದು, ಕಲಿಕೆಯನ್ನು ನಿಧಾನವಾಗಿಸುವ ಸ್ಥಿತಿ) ಇರುವ ನನ್ನ ಮಗಳಿಗೆ 10 ವರ್ಷ ತುಂಬಿದಾಗ, ದಿನಕ್ಕೆ ಒಂದು ಗಂಟೆ ಮುಟ್ಟಿನ ಪ್ಯಾಡ್ ಧರಿಸಿ ಓಡಾಡುವ ಅಭ್ಯಾಸ ಮಾಡಿಸತೊಡಗಿದೆ. ಒಂದು ಪ್ಯಾಡಿನ ಮೇಲೆ ಕೆಂಪು ಬಣ್ಣದ ನೀರನ್ನು ನಾಲ್ಕು ಹನಿ ಹಾಕಿ, "ಒಂದು ದಿನ ಹೀಗೆ ಕಾಣಿಸುತ್ತದೆ, ಇದು ಗಾಯವಲ್ಲ" ಎಂದು ತಿಂಗಳುಗಟ್ಟಲೆ ಹೇಳಿದೆ. "ಅವಳದಿನ್ನೂ ಮಗುವಿನ ಬುದ್ಧಿ, ಇದೆಲ್ಲ ಈಗಲೇ ಯಾಕೆ?" ಎಂದವರೇ ಹೆಚ್ಚು. ಮುಟ್ಟು ಬಂದ ದಿನ ಅವಳು ಅಳಲಿಲ್ಲ. "ಅಮ್ಮಾ, ಕೆಂಪು" ಎಂದು ಕೂಗಿ, ತಾನೇ ಕಪಾಟಿನಿಂದ ಪ್ಯಾಡ್ ತೆಗೆದಳು.

ಹರೆಯದ ಬದಲಾವಣೆಗಳು ಸಾಮಾನ್ಯವಾಗಿ ಹೆಣ್ಣುಮಕ್ಕಳಲ್ಲಿ 8ರಿಂದ 13, ಗಂಡುಮಕ್ಕಳಲ್ಲಿ 9ರಿಂದ 14 ವರ್ಷದೊಳಗೆ ಶುರುವಾಗುತ್ತವೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲೂ ಬಹುಮಟ್ಟಿಗೆ ಇದೇ ವಯಸ್ಸು. ಕಲಿಯಲು ಹೆಚ್ಚು ಕಾಲ ಬೇಕಾದ ಮಕ್ಕಳಿಗೆ ಮೊದಲೇ ಹೇಳಿಕೊಡಬೇಕು, ಚಿತ್ರ ತೋರಿಸಿ, ಅದೇ ಮಾತುಗಳಲ್ಲಿ, ಮತ್ತೆ ಮತ್ತೆ.

ಗಂಡುಮಕ್ಕಳಿಗಂತೂ ಹೇಳುವವರೇ ಇಲ್ಲ. ಸ್ವಪ್ನಸ್ಖಲನವಾದ, ಅಂದರೆ ನಿದ್ದೆಯಲ್ಲೇ ವೀರ್ಯ ಹೊರಬಂದ ಬೆಳಿಗ್ಗೆ, ಹಾಸಿಗೆಯಲ್ಲಿ ಮೂತ್ರ ಮಾಡಿದೆನೆಂದು ಹೆದರಿ ಹೊದಿಕೆಯನ್ನು ಮಂಚದಡಿ ಬಚ್ಚಿಟ್ಟ ಹುಡುಗನೊಬ್ಬನನ್ನು ನಾನು ಬಲ್ಲೆ. ಹಸ್ತಮೈಥುನಕ್ಕೆ ಬೈದು ಹೊಡೆದರೆ ಮಗು ಕಲಿಯುವುದು ಭಯವನ್ನು ಮಾತ್ರ; ಬದಲಿಗೆ "ಇದು ನಿನ್ನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಒಬ್ಬನೇ ಇದ್ದಾಗ" ಎಂದು ಜಾಗವನ್ನು ಕಲಿಸಬೇಕು.

ನನ್ನನ್ನು ಹೆಚ್ಚು ಕಾಡುವುದು ನಾವು ಕಲಿಸುವ ವಿಧೇಯತೆ. ಸ್ನಾನ, ಬಟ್ಟೆ, ಶೌಚ ಎಲ್ಲಕ್ಕೂ ಇನ್ನೊಬ್ಬರ ಕೈಗೆ ಒಗ್ಗಿಕೊಂಡು, ದೊಡ್ಡವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ "ಜಾಣೆ" ಎನ್ನಿಸಿಕೊಂಡ ಮಗುವಿಗೆ, ಯಾವ ಸ್ಪರ್ಶ ತಪ್ಪೆಂದು ತಿಳಿಯುವುದಾದರೂ ಹೇಗೆ? ದೌರ್ಜನ್ಯ ಎಸಗುವವರಲ್ಲಿ ಬಹುಪಾಲು ಪರಿಚಿತರೇ ಆಗಿರುವಾಗ, ಅಪರಿಚಿತರ ಬಗ್ಗೆ ಎಚ್ಚರಿಸಿದರಷ್ಟೇ ಸಾಲದು. ಯೋನಿ, ಶಿಶ್ನ, ಸ್ತನ ಎಂಬ ಸರಿಯಾದ ಹೆಸರುಗಳೇ ಗೊತ್ತಿಲ್ಲದವರು ನಡೆದದ್ದನ್ನು ಹೇಳಿಕೊಳ್ಳಲೂ ಆಗದು. ವಯಸ್ಸಿಗೆ ತಕ್ಕ ಮಾಹಿತಿ ಮತ್ತು ಸಂತಾನೋತ್ಪತ್ತಿ ಶಿಕ್ಷಣ ಅಂಗವಿಕಲರ ಹಕ್ಕೆಂದು ವಿಶ್ವಸಂಸ್ಥೆಯ 2006ರ ಒಡಂಬಡಿಕೆಯ 23ನೇ ವಿಧಿ ಹೇಳುತ್ತದೆ. ಆ ಹಕ್ಕು ಮೊದಲು ಸಿಗಬೇಕಾದದ್ದು ಮನೆಯಲ್ಲಿ. ನೆಂಟರು ಅಪ್ಪಿಕೊಳ್ಳಲು ಬಂದಾಗ ಅವಳು "ಬೇಡ" ಎಂದರೆ ನಾನೀಗ ಪುಸಲಾಯಿಸುವುದಿಲ್ಲ, ಅವರು ಮುನಿಸಿಕೊಂಡರೂ ಸರಿ.

ಈಗ ಅವಳಿಗೆ 14. ಸ್ನಾನಕ್ಕೆ ಹೋದಾಗ ಬಾಗಿಲು ಹಾಕಿಕೊಳ್ಳುತ್ತಾಳೆ, ಬೆನ್ನ ಹಿಂದಿನ ಹುಕ್ ಹಾಕಲಷ್ಟೇ ನನ್ನನ್ನು ಕರೆಯುತ್ತಾಳೆ. ಮರೆತು ಬಾಗಿಲು ತಟ್ಟದೆ ಒಳಗೆ ಕಾಲಿಟ್ಟರೆ, ನನ್ನನ್ನು ಹೊರಗೆ ಕಳಿಸಿ ಮತ್ತೆ ತಟ್ಟಿಸುತ್ತಾಳೆ.